ಇಲ್ಲದ ಕಳ್ಳನಿಗೆ ಊರಿನ ಕೀಲಿಕೈ

"ಇದೆಂತದೇ, ದೋಚೂಕೆ ಬಂದವ್ರ ಕೈಗೆ ಊರಿನ ಕೀಲಿಕೈ ಕೊಡೂದಾ?"

ಹೋದ ವರ್ಷ ಜನವರಿಯ ಕೊನೆಯ ಶನಿವಾರ ಆಯಿ, ಅಂದರೆ ನನ್ನ ಅಮ್ಮ, ಕೇಳಿದ ಪ್ರಶ್ನೆ ಇದು. ಅಂದು ಅಮೆರಿಕದ ಫ್ಲಾರಿಡಾದ ಟ್ಯಾಂಪಾದಲ್ಲಿ ಗ್ಯಾಸ್ಪರಿಲ್ಲಾ ಹಬ್ಬ, ಕಡಲ್ಗಳ್ಳರ ವೇಷದವರು ಹಡಗಿನಲ್ಲಿ ಬಂದು ಊರು ‘ದೋಚುವ’ ಹಬ್ಬ. ನಗರದ ಕನ್ವೆನ್ಷನ್ ಸೆಂಟರಿನ ಹತ್ತಿರ, ನೀರಿನಂಚಿನ ಕಟಾಂಜನಕ್ಕೆ ಒತ್ತಿಕೊಂಡು ನಾವು ನಿಂತಿದ್ದೆವು. ಅದೇ ವಾರ ಫ್ಲಾರಿಡಾದ ಉತ್ತರ ಭಾಗದಲ್ಲಿ ಹಿಮ ಬಿದ್ದು ಊರೆಲ್ಲ ಅದೇ ಮಾತು. ನಮ್ಮಲ್ಲಿಗೆ ಹಿಮ ಬರದಿದ್ದರೂ ಆಯಿಗೆ ಸಾಕಾಗುವಷ್ಟು ಚಳಿ ಬಂದಿತ್ತು. ಸೀರೆಯ ಮೇಲೆ ನನ್ನ ಗಂಡನ ಜಾಕೆಟ್ಟು, ತಲೆಗೆ ಉಣ್ಣೆಯ ಟೊಪ್ಪಿ, ಕೊರಳಲ್ಲಿ ಯಾರೋ ಅಪರಿಚಿತರು ನಗುತ್ತ ಹಾಕಿಹೋಗಿದ್ದ ನೇರಳೆ ಬಣ್ಣದ ಮಣಿಸರ. ಆರು ವರ್ಷದ ಮಗಳು ಅಪ್ಪನ ಹೆಗಲೇರಿ ಎಲ್ಲರಿಗಿಂತ ಮೊದಲು ಹಡಗನ್ನು ಕಂಡಿದ್ದಳು.

ಹಡಗಿಗಿಂತ ಮೊದಲು ಬಂದದ್ದು ಅದರ ಸದ್ದು. ಹಿಲ್ಸ್‌ಬರೋ ಕೊಲ್ಲಿಯ ಕಡೆಯಿಂದ ಫಿರಂಗಿಯ ಗುಡುಗು ಒಂದು, ಎರಡು, ಆಮೇಲೆ ಲೆಕ್ಕ ತಪ್ಪಿತು. ಡೇವಿಸ್ ಐಲೆಂಡ್ಸ್ ಮತ್ತು ಹಾರ್ಬರ್ ಐಲೆಂಡ್ ನಡುವೆ ಸೆಡನ್ ಚಾನೆಲ್ ಎಂಬ ಕಾಲುವೆಯಿದೆ. ಅದರ ತುಂಬ ದೋಣಿಗಳು. ಮೀನು ಹಿಡಿಯುವ ಚಿಕ್ಕ ದೋಣಿಯಿಂದ ಹಿಡಿದು ಎರಡಂತಸ್ತಿನ ಯಾಟ್ ತನಕ ನೂರಾರು, ಎಲ್ಲದರ ಮೇಲೂ ತಲೆಬುರುಡೆಯ ಕರಿ ಬಾವುಟ. ಅವುಗಳ ನಡುವೆ ಕೂವೆಮರಗಳು ನಿಧಾನವಾಗಿ ಎದ್ದು ಬಂದವು. ಹಡಗಿನ ಹೆಸರು ‘ಹೊಸೆ ಗ್ಯಾಸ್ಪರಿಲ್ಲಾ’. 1954ರಲ್ಲಿ ಈ ಒಂದು ಹಬ್ಬಕ್ಕೆಂದೇ ಕಟ್ಟಿಸಿದ್ದು. 165 ಅಡಿ ಉದ್ದ, 35 ಅಡಿ ಅಗಲ, 100 ಅಡಿ ಎತ್ತರದ ಮೂರು ಕೂವೆಮರಗಳು. ಉಕ್ಕಿನ ಒಡಲು, ಚಪ್ಪಟೆ ತಳ. ಅದನ್ನು ಸಾಗಿಸುವುದು ಟಗ್ ದೋಣಿಗಳು. ಹತ್ತಿರದಿಂದ ನೋಡಿದರೆ ಅವೂ ಕಾಣುತ್ತವೆ, ಆದರೆ ಆ ಹೊತ್ತಿನಲ್ಲಿ ಯಾರ ಕಣ್ಣೂ ಅತ್ತ ಹೋಗುವುದಿಲ್ಲ. ಹಗ್ಗದೇಣಿಗಳ ಮೇಲೆ, ಅಟ್ಟಣಿಗೆಯ ಮೇಲೆ, ಅಂಚಿನ ಉದ್ದಕ್ಕೂ ಕೆಂಪು ಕರಿ ಅಂಗಿಯ ನೂರಾರು ಕಡಲ್ಗಳ್ಳರು ಜೋತುಬಿದ್ದು ಕೂಗುತ್ತಿದ್ದರು. ದಡದಲ್ಲಿ ನಿಂತ ಲಕ್ಷಾಂತರ ಜನ ತಿರುಗಿ ಕೂಗುತ್ತಿದ್ದರು.

ಆಯಿ ನನ್ನ ಕೈ ಹಿಡಿದು ಹೇಳಿದಳು: "ಬಣ್ಣದ ವೇಷ ಬಂದ ಹಾಗೇ ಆತಲ್ಲೇ!"

ಹನ್ನೆರಡು ವರ್ಷದಿಂದ ಈ ಹಬ್ಬ ನೋಡುತ್ತಿದ್ದೇನೆ. ನನಗೆ ಅಂದಿನವರೆಗೂ ಆ ಹೋಲಿಕೆ ಹೊಳೆದಿರಲಿಲ್ಲ. ನಾನು ಚಿಕ್ಕವಳಿದ್ದಾಗ ಹೊನ್ನಾವರದ ಕಡೆ ಗದ್ದೆ ಕೊಯ್ಲಾದ ಮೇಲೆ ಯಕ್ಷಗಾನದ ಬಯಲಾಟ ನಡೆಯುತ್ತಿತ್ತು. ಮಕ್ಕಳೆಲ್ಲ ಕಂಬಳಿ ಹೊದ್ದು ಅರ್ಧ ಆಟಕ್ಕೇ ನಿದ್ದೆ. ರಾತ್ರಿ ಎರಡರ ಮೇಲೆ ರಾಕ್ಷಸ ಬರಬೇಕು, ಆದರೆ ಅವನು ರಂಗಸ್ಥಳದ ಹಿಂದಿನಿಂದ ಬರುವವನಲ್ಲ. ಜನರ ಬೆನ್ನ ಹಿಂದೆ, ದೂರದ ಕತ್ತಲಲ್ಲಿ ಮೊದಲು ಒಂದು ಆರ್ಭಟ. ಆಮೇಲೆ ದೊಂದಿ, ರಾಳದ ಪುಡಿ ಎರಚಿದಾಗ ಭಗ್ಗನೆ ಎದ್ದು ಆರುವ ಬೆಂಕಿ. ಚಂಡೆ ಏರುತ್ತ ಹೋದಂತೆ ಅವನು ನಮ್ಮ ನಡುವೆಯೇ ದಾರಿ ಮಾಡಿಕೊಂಡು ರಂಗಕ್ಕೆ ಬರುತ್ತಿದ್ದ. ಮಕ್ಕಳು ಎದ್ದು ಚೀರಿ ಅಮ್ಮಂದಿರ ಸೆರಗಿಗೆ ಅಂಟಿಕೊಳ್ಳುತ್ತಿದ್ದೆವು. ಆ ಮುಖದ ಬಣ್ಣದ ಹಿಂದೆ ಇರುವವರು ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲೇ ಕೂತು ಚಾ ಕುಡಿದವರು ಎಂದು ಗೊತ್ತಿದ್ದರೂ ಹೆದರಿಕೆಗೆ ಕಡಿಮೆಯಿರಲಿಲ್ಲ. ಗೊತ್ತಿದ್ದದ್ದರಿಂದಲೇ ಆ ಹೆದರಿಕೆ ಅಷ್ಟು ಸಿಹಿಯಾಗಿತ್ತು.

ಟ್ಯಾಂಪಾದ ಕಳ್ಳರೂ ಹಾಗೇ. ವಕೀಲರು, ಬ್ಯಾಂಕಿನವರು, ಡಾಕ್ಟರುಗಳು, ವ್ಯಾಪಾರಸ್ಥರು. ಇವರ ತಂಡಕ್ಕೆ ‘ಕ್ರ್ಯೂ’ ಎನ್ನುತ್ತಾರೆ, ಮೊದಲನೆಯ ತಂಡದ ಪೂರ್ತಿ ಹೆಸರು ‘ಯೀ ಮಿಸ್ಟಿಕ್ ಕ್ರ್ಯೂ ಆಫ್ ಗ್ಯಾಸ್ಪರಿಲ್ಲಾ’. ಆಯಿಗೆ ನಾನು ‘ಮೇಳ’ ಎಂದೇ ವಿವರಿಸಿದೆ, ಅವಳಿಗೆ ತಕ್ಷಣ ಅರ್ಥವಾಯಿತು. ಮಧ್ಯಾಹ್ನ ಒಂದರ ಸುಮಾರಿಗೆ ಮೇಳದ ಹಡಗು ದಡ ಮುಟ್ಟುತ್ತದೆ. ಕಳ್ಳರ ನಾಯಕ ಮೇಯರ್ ಮುಂದೆ ನಿಂತು ಊರನ್ನು ಒಪ್ಪಿಸು ಎನ್ನುತ್ತಾನೆ. ಊರಿನ ಕೀಲಿಕೈ ಕೈಬದಲಾಗುತ್ತದೆ. ಎರಡು ಗಂಟೆಗೆ ವಿಜಯದ ಮೆರವಣಿಗೆ ಹೊರಡುತ್ತದೆ.

ಇಷ್ಟೆಲ್ಲ ಯಾರ ಹೆಸರಿನಲ್ಲಿ? ಹೊಸೆ ಗ್ಯಾಸ್ಪರ್ ಎಂಬವನ ಹೆಸರಿನಲ್ಲಿ. ಕಥೆ ಹೀಗಿದೆ: 1756ರಲ್ಲಿ ಸ್ಪೇನಿನಲ್ಲಿ ಹುಟ್ಟಿದವನು, ಸ್ಪೇನಿನ ನೌಕಾಪಡೆಯಲ್ಲಿ ಹೆಸರು ಮಾಡಿದವನು, ಅರಮನೆಯ ಒಳಸಂಚಿಗೆ ಸಿಕ್ಕಿಯೋ ಪ್ರೇಮದ ಜಗಳಕ್ಕೋ ದ್ರೋಹಿ ಎನಿಸಿಕೊಂಡು 1783ರಲ್ಲಿ ಕಡಲ್ಗಳ್ಳನಾದ. ಫ್ಲಾರಿಡಾದ ಪಶ್ಚಿಮ ಕರಾವಳಿಯ ಷಾರ್ಲಟ್ ಹಾರ್ಬರ್ ಬಳಿಯ ದ್ವೀಪದಲ್ಲಿ ಠಾಣ್ಯ ಹೂಡಿ ನಾನೂರು ಹಡಗು ದೋಚಿದನಂತೆ. 1821ರಲ್ಲಿ, ಫ್ಲಾರಿಡಾ ಸ್ಪೇನಿನ ಕೈಯಿಂದ ಅಮೆರಿಕಕ್ಕೆ ಸೇರಿದ ಅದೇ ವರ್ಷ, ಗಳಿಸಿದ್ದನ್ನು ಹಂಚಿಕೊಂಡು ನಿವೃತ್ತನಾಗಬೇಕು ಎನ್ನುವಾಗ ದೂರದಲ್ಲಿ ಒಂದು ಕೊಬ್ಬಿದ ವ್ಯಾಪಾರಿ ಹಡಗು ಕಂಡಿತು. ಕೊನೆಯ ಬೇಟೆಯೆಂದು ಹೊರಟ. ಹತ್ತಿರ ಹೋದಾಗ ಅದು ಅಮೆರಿಕದ ಯುದ್ಧನೌಕೆ ‘ಎಂಟರ್‌ಪ್ರೈಸ್’. ಸೋಲು ಖಚಿತವಾದಾಗ ಲಂಗರಿನ ಸರಪಳಿಯನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿಗೆ ಹಾರಿದ.

ಎಂಥ ಸಾವು! ಯಕ್ಷಗಾನದ ಪ್ರಸಂಗಕರ್ತನ ಕೈಗೆ ಸಿಕ್ಕಿದ್ದರೆ ಬೆಳಗಿನ ಜಾವದ ಪದ್ಯಗಳಿಗೆ ಬೇರೇನೂ ಬೇಕಿರಲಿಲ್ಲ.

ಇದರಲ್ಲಿ ಒಂದಕ್ಕೂ ದಾಖಲೆ ಇಲ್ಲ. ಸ್ಪೇನಿನ ದಫ್ತರಗಳಲ್ಲಿ ಇಂಥ ಅಧಿಕಾರಿ ಸಿಗುವುದಿಲ್ಲ, ಅಮೆರಿಕದ ನೌಕಾಪಡೆಯ ಕಾಗದಗಳಲ್ಲಿ ಇಂಥ ಕಾಳಗ ಸಿಗುವುದಿಲ್ಲ. ಹಾಗಿದ್ದರೆ ಅವನು ಹುಟ್ಟಿದ್ದೆಲ್ಲಿ? ಫ್ಲಾರಿಡಾದ ದಕ್ಷಿಣದ ಪ್ಯಾಂಥರ್ ಕೀ ಎಂಬ ದ್ವೀಪದಲ್ಲಿ ಹ್ವಾನ್ ಗೋಮೆಜ್ ಎಂಬ ಮುದುಕನೊಬ್ಬನಿದ್ದ. ತನಗೆ ನೂರಿಪ್ಪತ್ತರ ಹತ್ತಿರ ವಯಸ್ಸು ಎನ್ನುತ್ತಿದ್ದ, ಬಂದವರಿಗೆಲ್ಲ ಹಳೆಯ ಕಾಲದ ಕಡಲಿನ ಕಥೆ ಹೇಳುತ್ತಿದ್ದ. 1900ರಲ್ಲಿ ಮೀನು ಹಿಡಿಯಲು ಹೋಗಿ ನೀರು ಪಾಲಾದ. ಸತ್ತ ಮೇಲೆ ಅವನ ಕಥೆಗಳು ಇನ್ನಷ್ಟು ಬೆಳೆದವು. ಗ್ಯಾಸ್ಪರಿಲ್ಲಾ ದ್ವೀಪಕ್ಕೆ ಹಳಿ ಹಾಕಿದ ಷಾರ್ಲಟ್ ಹಾರ್ಬರ್ ಆಂಡ್ ನಾರ್ದರ್ನ್ ರೈಲ್ವೆ, ಅಲ್ಲಿನ ಹೋಟೆಲಿಗೆ ಪ್ರವಾಸಿಗಳನ್ನು ಕರೆಯಲು ಹಂಚಿದ ಕೈಹೊತ್ತಿಗೆಯಲ್ಲಿ ಈ ಕಳ್ಳನ ಕಥೆಯನ್ನು ರಂಗುರಂಗಾಗಿ ಅಚ್ಚು ಹಾಕಿಸಿತು. ಮುದುಕನ ಬಾಯಿಮಾತು ರೈಲ್ವೆಯ ಜಾಹೀರಾತಾಯಿತು. ಜಾಹೀರಾತನ್ನು ನಂಬಿ ಎಷ್ಟೋ ಜನ ಆ ದ್ವೀಪಗಳಲ್ಲಿ ನಿಧಿ ಅಗೆದರು.

ಟ್ಯಾಂಪಾದ ಹಬ್ಬ ಶುರುವಾದದ್ದು 1904ರಲ್ಲಿ. ‘ಟ್ಯಾಂಪಾ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಊರಿನ ಸಮಾರಂಭಗಳ ಸುದ್ದಿ ಬರೆಯುತ್ತಿದ್ದ ಲೂಯಿಸ್ ಫ್ರಾನ್ಸಿಸ್ ಡಾಜ್ ಎಂಬ ಮಹಿಳೆಗೆ ಮೇ ತಿಂಗಳ ಉತ್ಸವಕ್ಕೆ ಒಂದು ಹೊಸ ಆಕರ್ಷಣೆ ಬೇಕಿತ್ತು. ನ್ಯೂ ಆರ್ಲಿಯನ್ಸಿನ ‘ಮಾರ್ಡಿ ಗ್ರಾ’ ಎಂಬ ವೇಷ-ಮೆರವಣಿಗೆಯ ಹಬ್ಬ ಬಲ್ಲ ಜಾರ್ಜ್ ಹಾರ್ಡಿ ಕಡಲ್ಗಳ್ಳರ ವೇಷದ ಉಪಾಯ ಹೇಳಿದರು. ವೇಷ ತೊಟ್ಟ ಗಂಡಸರು ಮುಖವಾಡ ಹಾಕಿಕೊಂಡು ಊರೊಳಗೆ ನುಗ್ಗಿದರು, ಅದೂ ಕುದುರೆ ಮೇಲೆ. ನೀರಿನ ದಾರಿಯಿಂದ ಬರುವ ಪದ್ಧತಿ ಬಂದದ್ದು 1911ರಲ್ಲಿ. ಕಡಲ್ಗಳ್ಳ ಕುದುರೆಯಿಂದಿಳಿದು ಹಡಗು ಹತ್ತಲು ಏಳು ವರ್ಷ ಬೇಕಾಯಿತು ಎನ್ನುವುದು ನನಗೆ ಈ ಚರಿತ್ರೆಯಲ್ಲಿ ತುಂಬ ಇಷ್ಟವಾದ ಸಂಗತಿ. ವೇಷ ಒಂದೇ ದಿನಕ್ಕೆ ಕೂರುವುದಿಲ್ಲ. ವರ್ಷ ವರ್ಷ ತೊಟ್ಟು, ಬೆವರಿ, ಹೊಲಿಗೆ ಬಿಚ್ಚಿ ಮತ್ತೆ ಹಾಕಿ ಮೈಗೆ ಕೂರಿಸಿಕೊಳ್ಳಬೇಕು. ಈಗ ನಗರದ ಫುಟ್‌ಬಾಲ್ ತಂಡದ ಹೆಸರೇ ಬಕನಿಯರ್ಸ್. ಅವರ ಕ್ರೀಡಾಂಗಣದ ಒಂದು ತುದಿಯಲ್ಲಿ ಹಡಗು ಕಟ್ಟಿದ್ದಾರೆ, ತಂಡ ಅಂಕ ಗಳಿಸಿದಾಗಲೆಲ್ಲ ಅದರ ಫಿರಂಗಿ ಹಾರುತ್ತದೆ. ಓಟದ ಸ್ಪರ್ಧೆ, ಚಿತ್ರೋತ್ಸವ ಎಲ್ಲದರ ಕೊರಳಿಗೂ ಗ್ಯಾಸ್ಪರಿಲ್ಲಾ ಹೆಸರು. ಇಲ್ಲದವನೊಬ್ಬ ಇರುವವರಿಗಿಂತ ಗಟ್ಟಿಯಾಗಿ ಬೇರು ಬಿಟ್ಟಿದ್ದಾನೆ.

ಆದರೆ ಆ ವೇಷ ಯಾರ ಮೈಗೆ ಎಂಬ ಪ್ರಶ್ನೆಯನ್ನು ಬಿಟ್ಟು ಈ ಹಬ್ಬವನ್ನು ಹೊಗಳಲು ನನಗೆ ಮನಸ್ಸಿಲ್ಲ.

ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಆ ಹಡಗಿನ ಮೇಲಿದ್ದವರು ಬಿಳಿಯರು, ಗಂಡಸರು ಮಾತ್ರ. 1991ರ ಜನವರಿಯಲ್ಲಿ ಟ್ಯಾಂಪಾದಲ್ಲಿ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯ ಸೂಪರ್ ಬೌಲ್ ಇತ್ತು, ಅದೇ ಹೊತ್ತಿಗೆ ಮೆರವಣಿಗೆಯನ್ನೂ ಇಟ್ಟಿದ್ದರು. ದೇಶವೆಲ್ಲ ನೋಡುವ ಮೆರವಣಿಗೆಯ ಹಡಗಿನಲ್ಲಿ ಊರಿನ ಕಪ್ಪು ಜನರಿಗೆ ಯಾಕೆ ಜಾಗವಿಲ್ಲ ಎಂದು ಅವರ ಮುಖಂಡರು ಕೇಳಿದರು. ಸದಸ್ಯತ್ವವನ್ನು ಕೂಡಲೇ ತೆರೆಯುವುದಕ್ಕಿಂತ ಮೆರವಣಿಗೆಯಿಂದ ಹಿಂದೆ ಸರಿಯುವುದನ್ನೇ ಮೇಳ ಆರಿಸಿಕೊಂಡಿತು. ಆ ವರ್ಷ ಕಡಲ್ಗಳ್ಳರು ಬರಲಿಲ್ಲ. ನಗರ ಅದರ ಬದಲಿಗೆ ‘ಬಾಂಬೊಲೇಯೊ’ ಎಂಬ ಬೇರೊಂದು ಉತ್ಸವ ಮಾಡಿತು, ಅದು ನೆಲೆಯೂರಲಿಲ್ಲ. ಮರುವರ್ಷ ಮೇಳ ಕಪ್ಪು ಸದಸ್ಯರನ್ನು ಸೇರಿಸಿಕೊಂಡು ಮರಳಿತು. ಅಲ್ಲಿಂದ ಮುಂದೆ ಹೊಸ ಹೊಸ ಮೇಳಗಳು ಹುಟ್ಟಿದವು. ಈಗ ಐವತ್ತಕ್ಕೂ ಹೆಚ್ಚಿವೆ. ಹೆಂಗಸರದ್ದೇ ಮೇಳಗಳಿವೆ, ಒಂದರ ಹೆಸರು ಗ್ರೇಸ್ ಓಮ್ಯಾಲಿ ಎಂಬ ಐರ್ಲೆಂಡಿನ ಕಡಲರಾಣಿಯದು. ಅವಳು ನಿಜವಾಗಿ ಇದ್ದವಳು, 1593ರಲ್ಲಿ ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯನ್ನು ಎದುರಾಎದುರು ಕಂಡು ಮಾತಾಡಿ ಬಂದವಳು.

ನಮ್ಮ ಪಕ್ಕದ ಮನೆಯಲ್ಲಿ ಕ್ಯೂಬನ್ ಮೂಲದ ಅಜ್ಜಿಯೊಬ್ಬರಿದ್ದಾರೆ. ಅವರ ಅಪ್ಪ ಈಬೋರ್ ಸಿಟಿಯ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುತ್ತಿದ್ದವರು. ಬೇಶೋರ್ ರಸ್ತೆಯ ಈ ದೊಡ್ಡ ಮೆರವಣಿಗೆಗೆ ಅಜ್ಜಿ ಬರುವುದಿಲ್ಲ. ಫೆಬ್ರವರಿಯಲ್ಲಿ ಈಬೋರಿನ ಬೀದಿಯಲ್ಲಿ ಸಾಂತ್ಯಾಗೊ ಮೇಳದವರು ರಾತ್ರಿ ದೀಪದ ಮೆರವಣಿಗೆ ಮಾಡುತ್ತಾರೆ. 1972ರಲ್ಲಿ ಊರಿನ ಲ್ಯಾಟಿನ್ ಪರಂಪರೆಯ ಗೌರವಕ್ಕೆಂದು ಶುರುವಾದ ಮೇಳ ಅದು. ಅಜ್ಜಿ ಅದಕ್ಕೆ ಮಾತ್ರ ಕುರ್ಚಿ ಹಿಡಿದು ಸಂಜೆ ಐದಕ್ಕೇ ಹೊರಡುತ್ತಾರೆ. "ಬೇಶೋರಿನದು ಚೆಂದವೇ, ಆದರೆ ನಾನು ಚಿಕ್ಕವಳಿದ್ದಾಗ ನಾವು ಅಲ್ಲಿ ನೋಡುವವರು ಮಾತ್ರ" ಎಂದಿದ್ದರು ಒಮ್ಮೆ. ಆ ಮಾತು ನನಗೆ ಚೆನ್ನಾಗಿ ತಿಳಿಯಿತು, ಯಾಕೆಂದರೆ ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಆಟಗಳನ್ನು ಕಣ್ಣರಳಿಸಿ ನೋಡಿಕೊಂಡು ಬೆಳೆದ ಹುಡುಗಿ ನಾನು. ಮನೆಗೆ ಬಂದು ಟವೆಲ್ಲನ್ನು ತಲೆಗೆ ಸುತ್ತಿ, ಬಚ್ಚಲಿನ ಮಸಿಯಿಂದ ಮೀಸೆ ಬರೆದುಕೊಂಡು ಕುಣಿದರೆ ಅಜ್ಜ ನಗುತ್ತಲೇ "ಕೂಸುಗಳಿಗೆಲ್ಲ ಅದು ಸಲ್ಲ" ಎನ್ನುತ್ತಿದ್ದ. ಈಗ ನಮ್ಮಲ್ಲೂ ಹೆಂಗಸರ ಮೇಳಗಳಾಗಿವೆ. ನನ್ನ ವಯಸ್ಸು ಮೀರಿತು, ಅಷ್ಟೇ.

ಮೆರವಣಿಗೆಯ ಹೊತ್ತಿಗೆ ನಾವು ಬೇಶೋರ್ ಬುಲವಾರ್ಡಿಗೆ ಬಂದೆವು. ಒಂದು ಬದಿಗೆ ಹಳೆಯ ದೊಡ್ಡ ಮನೆಗಳು, ಇನ್ನೊಂದು ಬದಿಗೆ ಬಿಳಿಯ ಕಟಾಂಜನ, ಅದರಾಚೆ ಕೊಲ್ಲಿ. ನಾಲ್ಕೂವರೆ ಮೈಲಿ ಉದ್ದಕ್ಕೆ ಎಲ್ಲೂ ಕಡಿಯದ ಕಾಲುದಾರಿ. ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ಓಡುವವರು, ನಾಯಿ ಹಿಡಿದು ನಡೆಯುವವರು. ಆ ಒಂದು ದಿನ ಸುಮಾರು ಮೂರು ಲಕ್ಷ ಜನ. ನಾವು ಡಬ್ಬಿಯಲ್ಲಿ ಬನ್ಸ್, ಒಗ್ಗರಣೆ ಅವಲಕ್ಕಿ, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಒಯ್ದಿದ್ದೆವು. ನಮ್ಮ ಹಿಂದಿನ ಕುಟುಂಬ ಕ್ಯೂಬನ್ ಸ್ಯಾಂಡ್‌ವಿಚ್ ಬಿಚ್ಚಿತ್ತು. ಅವರ ಮಗುವಿಗೆ ಆಯಿ ಬನ್ಸ್ ಕೊಟ್ಟಳು. ಅದು ಇನ್ನೊಂದಕ್ಕೆ ಕೈಚಾಚಿತು.

ಬರುತ್ತಿದ್ದ ರಥಗಳಿಂದ ಮಣಿಸರ ಎರಚುತ್ತಾರೆ. ಎಲ್ಲರೂ ಕೈ ಎತ್ತಿ ಕೂಗಿ ಕೇಳಬೇಕು, ಹಾಗೆ ಕೇಳುವುದೇ ಆಟ. ಬ್ಯಾಂಡಿನ ಹುಡುಗರು ಬರುತ್ತಾರೆ, ಕುದುರೆ ಬರುತ್ತದೆ, ಚಕ್ರದ ಮೇಲಿನ ಹಡಗುಗಳು ಬರುತ್ತವೆ, ಪಿಸ್ತೂಲಿನ ಹುಸಿ ಸದ್ದಿಗೆ ಕಿವಿ ಮುಚ್ಚಿಕೊಂಡವರು ಮತ್ತೆ ಕೈ ಎತ್ತುತ್ತಾರೆ. ನಾಲ್ಕು ಗಂಟೆಯ ಹೊತ್ತಿಗೆ ಬಿಯರಿನ ವಾಸನೆ ಹೆಚ್ಚಾಯಿತು, ಕೆಲವರ ಕಾಲು ತಡವರಿಸಿತು. ಅದು ನನಗೆ ಹಿಡಿಸುವುದಿಲ್ಲ. ಮಕ್ಕಳಿರುವವರು ಇದಕ್ಕೂ ಮೊದಲು ನಡೆಯುವ ಮಕ್ಕಳ ಮೆರವಣಿಗೆಗೆ ಬರುವುದು ಒಳ್ಳೆಯದು, ಅಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ಆದರೂ ಆಯಿಗೆ ಹಡಗು ತೋರಿಸಬೇಕಿತ್ತು.

ಅದಕ್ಕೆ ಕಾರಣವಿತ್ತು. ಆಯಿ ಟ್ಯಾಂಪಾಕ್ಕೆ ಬಂದಿಳಿದದ್ದು 2024ರ ನವೆಂಬರಿನಲ್ಲಿ. ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಕಡಲನ್ನು ಇದೇ ಬೇಶೋರ್ ರಸ್ತೆಯ ಮೇಲೆ ತಂದು ಹಾಕಿತ್ತು. ಎರಡೇ ವಾರಕ್ಕೆ ಮಿಲ್ಟನ್. 1921ರ ಮೇಲೆ ದೊಡ್ಡ ಚಂಡಮಾರುತವೊಂದು ನೇರವಾಗಿ ಬಡಿಯದೆ ಉಳಿದ ಊರಿದು, ಈ ಸಲ ತಪ್ಪಿದ್ದಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಕೊನೆಯ ಗಳಿಗೆಯಲ್ಲಿ ಮಿಲ್ಟನ್ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಬಳಿ ದಡ ಸೇರಿತು. ಆಯಿ ಬಂದಾಗ ಇನ್ನೂ ಬೀದಿಬದಿಯಲ್ಲಿ ಒದ್ದೆ ಹಾಸಿಗೆ, ಉಬ್ಬಿದ ಕಪಾಟು, ಮಕ್ಕಳ ಗೊಂಬೆಗಳ ರಾಶಿ. "ಇಂಥಾ ಊರಲ್ಲಿ ಎಂತಕ್ಕೆ ಇದ್ದೆ ಮಾರಾಯ್ತಿ, ಹೊರಟು ಬಾ" ಎಂದು ಅವಳು ದಿನಕ್ಕೊಮ್ಮೆ ಹೇಳುತ್ತಿದ್ದಳು. ನನಗೆ ಈ ಊರು ಇಷ್ಟ. ಯಾಕೆ ಎಂದು ಮಾತಿನಲ್ಲಿ ಹೇಳಲು ಬರಲಿಲ್ಲ. ಸಾಮಾನು ಕಳೆದುಕೊಂಡವರೂ ಮೂರೇ ತಿಂಗಳಿಗೆ ಮೀಸೆ ಅಂಟಿಸಿಕೊಂಡು ನೀರಿನಂಚಿಗೆ ಬಂದು ನಿಂತು, ಅದೇ ಕಡಲಿನಿಂದ ಬರುವ ಕಳ್ಳರಿಗೆ "ಬನ್ನಿ, ದೋಚಿ" ಎಂದು ಕೂಗುವುದನ್ನು ಅವಳು ಕಣ್ಣಾರೆ ಕಾಣಲಿ ಎಂದುಕೊಂಡೆ.

ಕಂಡಳು. ಆಮೇಲೆ ಸುಮ್ಮನಾದಳು. ಕಷಾಯದ ಲೋಟ ಹಿಡಿದು ಬಹಳ ಹೊತ್ತು ಸುಮ್ಮನಿದ್ದವಳು, "ದೊಡ್ಡಮ್ಮ ಇದನ್ನ ನೋಡಿದ್ರೆ ಎಂತ ಹೇಳ್ತಿದ್ಲೋ" ಎಂದಳು.

ನನ್ನ ದೊಡ್ಡಪ್ಪನ ಮಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹಾಗೆ ನೀರಿನ ಮೇಲೆ ಇರುತ್ತಾರೆ. 2010, 2011ರ ಸುಮಾರಿಗೆ ಸೊಮಾಲಿಯಾದ ಕಡಲ್ಗಳ್ಳರ ಹಾವಳಿ ಜೋರಾಗಿತ್ತು, ಭಾರತದ ನಾವಿಕರೂ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಒತ್ತೆಯಲ್ಲಿದ್ದರು. ಅಣ್ಣನ ಹಡಗು ಏಡನ್ ಕೊಲ್ಲಿ ದಾಟುವಾಗ ಸುತ್ತ ಮುಳ್ಳುತಂತಿ ಬಿಗಿದು, ನೀರಿನ ಕೊಳವೆಗಳನ್ನು ಹೊರಮುಖವಾಗಿ ಬಿಟ್ಟುಕೊಂಡು, ರಾತ್ರಿ ದೀಪ ಆರಿಸಿ ಹೋಗುತ್ತಿತ್ತಂತೆ. ಆ ನಾಲ್ಕೈದು ದಿನ ಅವನ ಫೋನು ಬರುತ್ತಿರಲಿಲ್ಲ. ದೊಡ್ಡಮ್ಮ ಇಡಗುಂಜಿ ಗಣಪತಿಗೆ ಹರಕೆ ಹೇಳಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದಳು. ಟಿವಿಯಲ್ಲಿ ಹಡಗಿನ ಚಿತ್ರ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವಳ ಮುಂದೆ ಯಾರೂ ‘ಕಳ್ಳರು’ ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ಅವನು ಸುಖವಾಗಿ ಬಂದ, ಈಗ ಕೆಲಸ ಬಿಟ್ಟು ಕುಮಟಾದಲ್ಲಿದ್ದಾನೆ. ದೊಡ್ಡಮ್ಮ ಇಲ್ಲ.

ಹಾಗೆಂದು ಟ್ಯಾಂಪಾದ ಹಬ್ಬದ ಮೇಲೆ ನನಗೆ ಸಿಟ್ಟು ಬಂತೇ? ಇಲ್ಲ. ಬದಲಿಗೆ ಆ ಸಂಜೆ ನನಗೆ ಇನ್ನೊಬ್ಬನ ನೆನಪಾಯಿತು, ನಮ್ಮೂರಿನವನೇ.

ಶರಾವತಿ ಕಡಲು ಸೇರುವಲ್ಲಿ ಹೊನ್ನಾವರವಿದೆ. ಐನೂರು ವರ್ಷದ ಹಿಂದೆ ಅಲ್ಲಿ ತಿಮ್ಮಯ್ಯ ಎಂಬವನಿದ್ದ. ಪೋರ್ಚುಗೀಸರ ಬರಹಗಳಲ್ಲಿ ಅವನು ‘ತಿಮೋಜಾ’, ನಮ್ಮೂರು ‘ಓನೋರ್’. ಕೆಲವರಿಗೆ ಅವನು ವಿಜಯನಗರದ ಕಡೆಯ ನೌಕಾ ನಾಯಕ, ಕೆಲವರಿಗೆ ಕಡಲ್ಗಳ್ಳ. ಆ ಕಾಲದಲ್ಲಿ ಇವೆರಡರ ನಡುವೆ ದೊಡ್ಡ ಗೋಡೆಯಿರಲಿಲ್ಲ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾನ ಪಡೆ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟಿತು. ಅದಾಗಿ ಐದು ವರ್ಷಕ್ಕೆ ಅದೇ ಪೋರ್ಚುಗೀಸರ ಆಲ್ಬುಕರ್ಕ್ ದಂಡು ಕಟ್ಟಿಕೊಂಡು ಬಂದಾಗ, ಗೋವಾ ಈಗ ಹಿಡಿಯಲು ಸುಲಭ, ಅತ್ತ ನಡೆ ಎಂದು ಹೇಳಿದವನು, ತನ್ನ ಜನರನ್ನು ಕರೆದುಕೊಂಡು ಜೊತೆಗೆ ಹೋದವನು ತಿಮ್ಮಯ್ಯ. 1510ರಲ್ಲಿ ಗೋವಾ ಹಿಡಿದರು, ಕಳೆದುಕೊಂಡರು, ನವೆಂಬರಿನಲ್ಲಿ ಮತ್ತೆ ಹಿಡಿದರು. ಆಮೇಲೆ ಬಿಟ್ಟದ್ದು 1961ರಲ್ಲಿ.

ಗ್ಯಾಸ್ಪರನ ಹಾಗೆ ಇವನನ್ನು ಯಾವ ರೈಲ್ವೆಯೂ ಹುಟ್ಟಿಸಲಿಲ್ಲ. ಇವನು ಇದ್ದ. ನನ್ನ ಇಡೀ ಬಾಲ್ಯದಲ್ಲಿ ಅವನ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಮೊದಲು ಓದಿದ್ದು ಟ್ಯಾಂಪಾದ ಲೈಬ್ರರಿಯಲ್ಲಿ, ಕಡಲ್ಗಳ್ಳರ ಚರಿತ್ರೆಯ ಒಂದು ದಪ್ಪ ಪುಸ್ತಕದಲ್ಲಿ, ಗ್ಯಾಸ್ಪರನನ್ನು ಹುಡುಕುತ್ತಿರುವಾಗ. ಅಲ್ಲೇ ಕಪಾಟಿನ ನಡುವೆ ನೆಲದ ಮೇಲೆ ಕೂತುಬಿಟ್ಟೆ.

ನಮ್ಮೂರು ಯಾಕೆ ಅವನಿಗೆ ಹಬ್ಬ ಮಾಡಲಿಲ್ಲ ಎಂದು ಅಂದು ಬೇಸರವಾಗಿತ್ತು. ಈಗ ಹಾಗನಿಸುವುದಿಲ್ಲ. ನಮ್ಮ ಮನೆಯ ಬಲಕ್ಕೆ ಕೊಂಕಣಿ ಮಾತಾಡುವವರ ಮನೆ, ಚರ್ಚಿನ ಓಣಿಯಲ್ಲಿ ಇನ್ನಷ್ಟು. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದ ಹಿಂದೂ, ಕ್ರೈಸ್ತ ಮನೆತನಗಳು ನಮ್ಮ ಕರಾವಳಿಯುದ್ದಕ್ಕೂ ಇವೆ. ಪಕ್ಕದ ಮನೆಯ ಮಾಯಿ, ತಮ್ಮ ಕುಲದೇವರು ಇನ್ನೂ ಗೋವಾದಲ್ಲೇ ಇದ್ದಾನೆಂದು ಹೇಳುವಾಗ ಅವರ ದನಿಯಲ್ಲಿ ನಿನ್ನೆ ಮೊನ್ನೆ ಹೊರಟುಬಂದವರ ದುಃಖವಿರುತ್ತದೆ. ತಿಮ್ಮಯ್ಯನ ಹಡಗು ಹೋದ ದಾರಿಯಲ್ಲಿ ಏನೇನಾಯಿತು ಎನ್ನುವುದಕ್ಕೆ ಆ ದನಿ ಸಾಕ್ಷಿ. ಅಂಥವನಿಗೆ ಊರಿನ ಕೀಲಿಕೈ ಕೊಡುವುದು ಸುಲಭವಲ್ಲ. ಗ್ಯಾಸ್ಪರನಿಗೆ ಕೊಡಬಹುದು. ಅವನಿಂದ ಯಾರ ಮನೆಯೂ ಬರಿದಾಗಲಿಲ್ಲ, ಯಾವ ತಾಯಿಯೂ ಜಗಲಿಯಲ್ಲಿ ಕಾಯಲಿಲ್ಲ. ಅವನು ಇಲ್ಲದೇ ಇದ್ದದ್ದೇ ಅವನ ದೊಡ್ಡ ಗುಣ. ರಾಕ್ಷಸ ವೇಷದ ಎದುರು ನಾವು ಅಷ್ಟು ಖುಷಿಯಿಂದ ಹೆದರುತ್ತಿದ್ದದ್ದು ಬೆಳಿಗ್ಗೆ ಬಣ್ಣ ತೊಳೆಯುತ್ತದೆಂದು ಗೊತ್ತಿದ್ದಕ್ಕೆ ತಾನೇ.

ತೊಳೆಯದೆ ಉಳಿಯುವುದೂ ಇದೆ. ಮಣಿಸರಗಳು ಎಲ್ಲ ಕೈಗೂ ಸಿಗುವುದಿಲ್ಲ, ಎಷ್ಟೋ ಕಟಾಂಜನ ದಾಟಿ ನೀರಿಗೆ ಬೀಳುತ್ತವೆ. 2017ರಲ್ಲಿ ಇರ್ಮಾ ಚಂಡಮಾರುತ ಬರುವ ಮುಂಚೆ ಗಾಳಿ ಕೊಲ್ಲಿಯ ನೀರನ್ನೇ ಹೊರಗೆಳೆದು ಬೇಶೋರ್ ಬಳಿ ತಳ ಕಾಣಿಸಿತ್ತು. ಪರಿಚಯದವರೊಬ್ಬರು ಕಳಿಸಿದ ವಿಡಿಯೋದಲ್ಲಿ ಬೂದು ಕೆಸರಿನ ನಡುವೆ ಒಂದು ಹಸಿರು ಸರ ಹೊಳೆಯುತ್ತಿತ್ತು. ಪ್ಲಾಸ್ಟಿಕ್ಕಿಗೆ ವಯಸ್ಸಾಗುವುದಿಲ್ಲ. ಚಳಿಗಾಲದಲ್ಲಿ ಮ್ಯಾನಟಿ ಎಂಬ ದೊಡ್ಡ ಜಲಪ್ರಾಣಿಗಳು ಬೆಚ್ಚಗಿನ ನೀರು ಹುಡುಕಿಕೊಂಡು ಬರುವ ಕೊಲ್ಲಿ ಅದು. ಈಗ ನೀರಿನ ಕಡೆಗೆ ಸರ ಎಸೆಯಬೇಡಿ ಎಂದು ನಗರ ಸಾರುತ್ತದೆ, ಹಬ್ಬದ ಮರುದಿನಗಳಲ್ಲಿ ಸ್ವಯಂಸೇವಕರು ದಡ ಗುಡಿಸುತ್ತಾರೆ, ಮುಳುಗುಗಾರರು ತಳದಿಂದ ಹೆಕ್ಕುತ್ತಾರೆ. ನಾನೂ ಎರಡು ವರ್ಷ ಹೋಗಿದ್ದೇನೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತದೆ. ಎಸೆಯುವ ಆಟವನ್ನು ಬಿಡದೆಯೇ ಪ್ಲಾಸ್ಟಿಕ್ ಬಿಡಬಹುದು ಎಂದು ನನ್ನ ಗಟ್ಟಿ ನಂಬಿಕೆ. ಅದನ್ನು ಮೇಳಗಳೇ ಮೊದಲು ಮಾಡಬೇಕು.

ಅಂದು ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು ಕೇಳಿದಳು, "ಅಮ್ಮಾ, ಗ್ಯಾಸ್ಪರ್ ನಿಜವಾಗ್ಲೂ ಇದ್ನಾ?"

ನಾನು ಉತ್ತರ ಕೂಡಿಸಿಕೊಳ್ಳುವಷ್ಟರಲ್ಲಿ ಆಯಿ ಹೇಳಿದಳು, "ಇಲ್ದೇ ಏನು ಕೂಸೇ, ಈಗಷ್ಟೇ ಬಂದಿದ್ನಲ್ಲ."

ಆಮೇಲೆ ನಾನು ತಿಮ್ಮಯ್ಯನ ಕಥೆ ಹೇಳಿದೆ. ಆರು ವರ್ಷದ ಮಗುವಿಗೆ ಹೇಳಬಹುದಾದಷ್ಟು: ಅಮ್ಮಮ್ಮನ ಊರಿನ ಹೊಳೆಬಾಯಿ, ಅಲ್ಲಿನ ಹಡಗುಗಳು, ಬೆಂಕಿ, ಗೋವಾ. ಅವನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದಳು. ಎರಡೂ ಎಂದೆ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಆಯಿಗೂ ಆ ಹೆಸರು ಹೊಸದು. ಎಪ್ಪತ್ತೊಂದು ವರ್ಷ ಆ ಊರಲ್ಲಿ ಬದುಕಿದವಳು, "ನಮ್ಮ ಹೊನ್ನಾವರದವನಾ?" ಎಂದು ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡಳು.

ಈ ಸಲ ಆಯಿ ಊರಲ್ಲಿದ್ದಳು. ಡಿಸೆಂಬರಿನಲ್ಲಿ ಊರಿಂದ ಬರುವವರ ಕೈಯಲ್ಲಿ ಒಂದು ಕಟ್ಟು ಕಳಿಸಿದಳು: ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಅದರ ಅಡಿಯಲ್ಲಿ ಮಡಚಿಟ್ಟ ಕೆಂಪು ಬಟ್ಟೆ, ಅಂಚಿಗೆ ಹಳದಿ ಜರಿ. ಫೋನಿನಲ್ಲಿ ಹೇಳಿದಳು, "ತಿಮ್ಮಯ್ಯ ಎಂತಾ ಹಾಕ್ತಿದ್ನೋ ಯಾರಿಗೆ ಗೊತ್ತು. ಕಡಲಿಗೆ ಹೋಗುವವ ಬಿಸಿಲಿಗೆ ಮುಂಡಾಸು ಕಟ್ದೇ ಇರ್ತಾನಾ?" ಕಟ್ಟುವ ಕ್ರಮವನ್ನು ವಿಡಿಯೋ ಕಾಲಿನಲ್ಲಿ ನನ್ನ ತಲೆಗೆ ಮೂರು ಸಲ ಕಟ್ಟಿಸಿ ಕಲಿಸಿದಳು.

ಮಕ್ಕಳ ಮೆರವಣಿಗೆಯ ದಿನ ಬೇಶೋರಿನ ಮೇಲೆ ಎಲ್ಲ ಕಡೆ ಮೂರು ಮೂಲೆಯ ಕರಿ ಟೊಪ್ಪಿ, ಒಂದು ಕಣ್ಣಿನ ಪಟ್ಟಿ, ಪ್ಲಾಸ್ಟಿಕ್ ಕತ್ತಿ. ನಡುವೆ ಒಂದು ಕೆಂಪು ಮುಂಡಾಸು. ಮೀಸೆಯನ್ನು ಕಾಡಿಗೆಯಲ್ಲಿ ನಾನೇ ಬರೆದಿದ್ದೆ. ಹಡಗಿನಾಕಾರದ ಗಾಡಿಯೊಂದು ನಮ್ಮ ಮುಂದೆ ಬಂದು ನಿಂತಿತು. ಅದರ ಅಂಚಿಗೆ ಒರಗಿದ್ದ ಬಿಳಿಗಡ್ಡದ ಕಳ್ಳ ಬಾಗಿ, ನೀನು ಯಾವ ಕಡಲಿನವನಯ್ಯಾ ಎಂದು ಇಂಗ್ಲಿಷಿನಲ್ಲಿ ಅಬ್ಬರಿಸಿದ. ಮಗಳು ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

"ತಿಮ್ಮಯ್ಯ! ಹೊನ್ನಾವರ!"

ಅವನಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಹಿಡಿದ. ಅವಳು ಇನ್ನೂ ಜೋರಾಗಿ ಕೂಗಿದಳು. ಅವನು "ತಿಮಾಯಾ!" ಎಂದು ಹಿಂದೆ ತಿರುಗಿ ತನ್ನವರಿಗೆಲ್ಲ ಸಾರಿದ, ಅವರೂ ಒಟ್ಟಿಗೆ ಹಾಗೇ ಕೂಗಿದರು. ಕೊರಳಿನ ಸರಗಳಲ್ಲಿ ದೊಡ್ಡದೊಂದನ್ನು ತೆಗೆದು, ಎಸೆಯದೆ, ಬಗ್ಗಿ ಅವಳ ಕೈಯಲ್ಲೇ ಇಟ್ಟ. ಗಾಡಿ ಮುಂದೆ ಹೋಯಿತು. ನಾನು ಫೋನು ತೆಗೆದು ಆಯಿಗೆ ಕರೆ ಮಾಡಿದೆ. ಅಲ್ಲಿ ನಡುರಾತ್ರಿ ದಾಟಿತ್ತು, ಆದರೂ ಮೊದಲ ರಿಂಗಿಗೇ ಎತ್ತಿದಳು.